ಡಿಸೆಂಬರ್ ರಜೆಗೆ ಘಟ್ಟವೋ, ಕಡಲೋ, ಬಯಲುಸೀಮೆಯೋ, ಮನೆಯೋ: ಬೆಳಿಗ್ಗೆ ಆರೂವರೆಯ ಲೆಕ್ಕ

ನಮ್ಮ ಹಾಸ್ಟೆಲ್ ರೂಮಿಗೆ ಚಳಿಗಾಲ ಬಂದದ್ದು ಗೊತ್ತಾಗುವುದು ತೆಂಗಿನೆಣ್ಣೆ ಬಾಟಲಿಯಿಂದ. ಡಿಸೆಂಬರಿನ ಯಾವುದೋ ಒಂದು ಬೆಳಿಗ್ಗೆ ತಲೆಗೆ ಹಚ್ಚಲೆಂದು ಬಾಟಲಿ ಕವುಚಿದರೆ ಎಣ್ಣೆ ಬೀಳುವುದಿಲ್ಲ. ತಳದಲ್ಲಿ ಒಂದು ಬೆರಳಿನಷ್ಟು ಬೆಳ್ಳಗೆ ಹೆಪ್ಪುಗಟ್ಟಿ ಕೂತಿರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ತೆಂಗಿನೆಣ್ಣೆ ಗಟ್ಟಿಯಾಗಲು ಶುರು, ಹಾಗಾಗಿ ನಮಗೆ ಬೇರೆ ಥರ್ಮಾಮೀಟರ್ ಬೇಡ. ಒಂಬತ್ತು ಗಂಟೆಗೆ ಅದೇ ಬಾಟಲಿ ನೋಡಿದರೆ ಎಲ್ಲ ಕರಗಿ ನೀರು. ಮಂಗಳೂರಿನ ಚಳಿಗಾಲ ಅಂದರೆ ಅಷ್ಟೇ, ಮೂರು ಗಂಟೆ ಹೊತ್ತಿನ, ಒಂದು ಬೆರಳಿನಷ್ಟು ಚಳಿ.

ಅಷ್ಟಕ್ಕೇ ನಾನು ಸ್ವೆಟರ್ ಹುಡುಕುತ್ತೇನೆ. ರೂಮ್‌ಮೇಟ್ ಬೀದರ್ ಕಡೆಯವಳು. ಅವಳಿಗೆ ಫ್ಯಾನ್ ಮೂರರಲ್ಲಿ ಇರಬೇಕು, ನನಗೆ ಒಂದರಲ್ಲಿ. ಮೊದಲ ವರ್ಷ ನಾನು ಕಿವಿಗೆ ಮಫ್ಲರ್ ಸುತ್ತಿಕೊಂಡು ಮೆಸ್ಸಿಗೆ ಹೊರಟದ್ದನ್ನು ನೋಡಿ ಅವಳು ಬಾಗಿಲಲ್ಲೇ ನಿಂತು ನಕ್ಕಿದ್ದಳು: "ಇದ್ಕ ಥಂಡಿ ಅಂತೀರೇನ್ ನೀವ್?"

ನನಗೆ ಇದು ಮಂಗಳೂರಿನಲ್ಲಿ ಮೂರನೇ ಚಳಿಗಾಲ. ಮನೆ ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ, ಅಂದರೆ ಹುಟ್ಟಿ ಬೆಳೆದದ್ದೆಲ್ಲ ಇದೇ ಸೆಕೆಯಲ್ಲಿ. ಪ್ರತಿ ಡಿಸೆಂಬರಿನಲ್ಲೂ ಕ್ರಿಸ್ಮಸ್ ರಜೆ ಹತ್ತಿರ ಬಂದ ಹಾಗೆ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಚರ್ಚೆ. ಒಬ್ಬಳು "ಚಿಕ್ಕಮಗಳೂರು ಹೋಗುವ" ಅಂತಾಳೆ, ಒಬ್ಬಳು "ಗೋವಾ" ಅಂತಾಳೆ, ಒಬ್ಬಳು "ಮನೆಯಲ್ಲಿ ಬಿಡುವುದಿಲ್ಲ ಮಾರಾಯ್ತಿ" ಅಂತಾಳೆ, ಕೊನೆಗೆ ಹೆಚ್ಚಿನವರು ಎಲ್ಲಿಗೂ ಹೋಗುವುದಿಲ್ಲ. ಎರಡು ವರ್ಷ ಹೋಗಿ ನೋಡಿದ ಮೇಲೆ, ಕೈ ಸುಟ್ಟುಕೊಂಡ ಮೇಲೆ, ನನಗೆ ಒಂದು ವಿಷಯ ಗೊತ್ತಾಗಿದೆ. ಕರಾವಳಿಯವರು ಚಳಿಗೆಂದು ಹೊರಡುವಾಗ ನಕ್ಷೆ ನೋಡುವ ಮೊದಲು ಗಡಿಯಾರ ನೋಡಬೇಕು. ಬೆಳಿಗ್ಗೆ ಆರೂವರೆಗೆ ನೀವು ಎಲ್ಲಿರುತ್ತೀರಿ? ಉಳಿದದ್ದೆಲ್ಲ ಅದರ ಮೇಲೆ.

ಸ್ವೆಟರ್ ಹೊತ್ತು ತಿರುಗಿದ ದಿನ

ಮೊದಲ ವರ್ಷ ನಾವು ನಾಲ್ಕು ಮಂದಿ ಒಂದೇ ದಿನದಲ್ಲಿ ಚಿಕ್ಕಮಗಳೂರಿಗೆ ಹೋಗಿ ಬರುವುದು ಅಂತ ಮಾಡಿದೆವು. ರಾತ್ರಿ ಉಳಿಯುವುದಕ್ಕೆ ಯಾರ ಮನೆಯಲ್ಲೂ ಒಪ್ಪಿಗೆ ಇರಲಿಲ್ಲ. ಬೆಳಗಾಗುವ ಮೊದಲೇ ಬಿಜೈ ಬಸ್‌ಸ್ಟ್ಯಾಂಡಿಗೆ ಬಂದು ಬಸ್ ಹತ್ತಿದೆವು. ಬಿ.ಸಿ.ರೋಡ್, ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಟ್ಟ ಹತ್ತುವಾಗ ಕಿಟಕಿಯಿಂದ ಬಂದ ಗಾಳಿ ನಿಜಕ್ಕೂ ತಣ್ಣಗಿತ್ತು. ಕೊಟ್ಟಿಗೆಹಾರದಲ್ಲಿ ಬಸ್ ನಿಂತಾಗ ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡೆವು. ಚಳಿ ಸಿಕ್ಕಿದ್ದು ಆ ಹತ್ತು ನಿಮಿಷ ಮಾತ್ರ. ಚಿಕ್ಕಮಗಳೂರು ಮುಟ್ಟಿ, ತಿಂಡಿ ತಿಂದು, ಬೆಟ್ಟಕ್ಕೆ ಜೀಪು ಮಾತಾಡಿ ಮುಗಿಯುವಾಗ ಹನ್ನೊಂದು ಗಂಟೆ. ಮೇಲೆ ಚುರುಚುರು ಬಿಸಿಲು. ನಾಲ್ಕು ಸ್ವೆಟರ್, ಎರಡು ಮಂಕಿ ಕ್ಯಾಪ್, ಒಂದು ಶಾಲು ಎಲ್ಲ ಸೊಂಟಕ್ಕೆ ಕಟ್ಟಿಕೊಂಡು ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಿದೆವು. ಫೋಟೋದಲ್ಲಿ ನಾವು ಬಟ್ಟೆ ಮಾರಲು ಬಂದವರ ಹಾಗೆ ಕಾಣುತ್ತೇವೆ. ತುದಿಯಲ್ಲಿ ಗಾಳಿ ಇತ್ತು, ಇಲ್ಲವೆಂದಲ್ಲ. 1,930 ಮೀಟರ್ ಎತ್ತರ, ಕರ್ನಾಟಕದಲ್ಲಿ ಅದಕ್ಕಿಂತ ಮೇಲೆ ಬೇರೆ ಶಿಖರ ಇಲ್ಲ. ಆದರೆ ಎರಡು ಗಂಟೆಗೆ ಇಳಿಯಲು ಶುರು ಮಾಡದಿದ್ದರೆ ರಾತ್ರಿ ಹಾಸ್ಟೆಲ್ ಗೇಟು ಸಿಗುತ್ತಿರಲಿಲ್ಲ.

ಒಂದು ದಿನಕ್ಕೆ ಹತ್ತು ಗಂಟೆ ಬಸ್ಸು, ಮೂರು ಗಂಟೆ ಬೆಟ್ಟ. ತಪ್ಪು ಊರಿನದ್ದಲ್ಲ, ನಾವು ತಲುಪಿದ ಹೊತ್ತಿನದ್ದು.

ವಿಜ್ಞಾನದ ಪುಸ್ತಕದಲ್ಲಿ ಓದಿದ್ದನ್ನು ಆಗಲೇ ನೆನಪಿಸಿಕೊಳ್ಳಬೇಕಿತ್ತು. ಚಳಿಗಾಲದಲ್ಲಿ ಆಕಾಶ ಶುಭ್ರ, ಗಾಳಿ ಒಣ. ಹಗಲು ಕಾದ ನೆಲ ರಾತ್ರಿಯಿಡೀ ಶಾಖ ಬಿಡುತ್ತಾ ಹೋಗುತ್ತದೆ, ಮುಚ್ಚಿಕೊಳ್ಳಲು ಮೋಡದ ಕಂಬಳಿ ಇಲ್ಲ. ಹಾಗಾಗಿ ಅತಿ ಹೆಚ್ಚು ಚಳಿ ಇರುವುದು ಮಧ್ಯರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ. ಕ್ರಿಸ್ಮಸ್ ಸಮಯಕ್ಕೆ ನಮ್ಮಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 6.45ಕ್ಕೆ. ಎತ್ತರದ ಲೆಕ್ಕವೂ ಉಂಟು. ಸಾವಿರ ಮೀಟರ್ ಮೇಲೆ ಹೋದರೆ ಸರಾಸರಿ ಆರೂವರೆ ಡಿಗ್ರಿ ಕಡಿಮೆ. ಮಂಗಳೂರಿನಲ್ಲಿ ಮಧ್ಯಾಹ್ನ 32 ಇದ್ದರೆ ಮಡಿಕೇರಿಯಲ್ಲಿ 25ರ ಆಸುಪಾಸು, ಅದನ್ನು ಚಳಿ ಅನ್ನುವುದು ಹೇಗೆ? ಮುಂಜಾನೆ ಇಲ್ಲಿ 21 ಇದ್ದಾಗ ಅಲ್ಲಿ 14. ಬಾಯಿಂದ ಹೊಗೆ ಬರುವುದು ಆಗ.

ಇಲ್ಲಿಯ ಸೆಕೆಗೂ ಕಾರಣ ಇದೆ. ಚಳಿಗಾಲದಲ್ಲಿ ಗಾಳಿ ಬೀಸುವುದು ಈಶಾನ್ಯದಿಂದ, ಅಂದರೆ ಒಳನಾಡಿನಿಂದ ಕಡಲ ಕಡೆಗೆ. ಅದು ಘಟ್ಟ ಇಳಿದು ಬರುವಾಗ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ತಂಪು ಕಡಲಗಾಳಿಯನ್ನು ಮಧ್ಯಾಹ್ನದವರೆಗೆ ದಡ ಹತ್ತಲು ಬಿಡುವುದಿಲ್ಲ. ಡಿಸೆಂಬರ್, ಜನವರಿಯ ಕೆಲವು ದಿನ ಇಡೀ ದೇಶದಲ್ಲೇ ಅತಿ ಹೆಚ್ಚು ಉಷ್ಣಾಂಶ ಕರ್ನಾಟಕದ ಕರಾವಳಿಯದ್ದು ಅಂತ ಪೇಪರಿನಲ್ಲಿ ಬರುವುದುಂಟಲ್ಲ, ಅದು ತಮಾಷೆಯಲ್ಲ. ದೆಹಲಿಯವರು ಬೆಂಕಿ ಕಾಯಿಸಿಕೊಳ್ಳುವ ದಿನ ನಾವು ಹಂಪನಕಟ್ಟೆಯಲ್ಲಿ ನಿಂತು ಐಸ್‌ಕ್ರೀಮ್ ತಿನ್ನುತ್ತೇವೆ.

ಒಂದು ರಾತ್ರಿ ಉಳಿಯಬಹುದಾದರೆ: ಮಡಿಕೇರಿಯೋ ಚಿಕ್ಕಮಗಳೂರೋ

ಎರಡೂ ಊರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಮೇಲೆ. ಚಳಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಮಂಗಳೂರಿನಿಂದ ದೂರವೂ ಹೆಚ್ಚುಕಡಿಮೆ ಒಂದೇ, ನೂರೈವತ್ತು ಕಿಲೋಮೀಟರಿನ ಒಳಗೆ ಹೊರಗೆ. ವ್ಯತ್ಯಾಸ ಇರುವುದು ಬಸ್ಸಿನಿಂದ ಇಳಿದ ಮೇಲೆ.

ಗಾಡಿ ಇಲ್ಲದ ಸ್ಟೂಡೆಂಟ್‌ಗಳಿಗೆ ನಾನು ಕಣ್ಣುಮುಚ್ಚಿ ಹೇಳುವುದು ಮಡಿಕೇರಿ. ಬಸ್‌ಸ್ಟ್ಯಾಂಡಿನಿಂದ ಕೋಟೆ, ಓಂಕಾರೇಶ್ವರ ದೇವಸ್ಥಾನ, ರಾಜಾಸೀಟ್ ಎಲ್ಲ ನಡೆದೇ ಮುಟ್ಟಬಹುದು. ಏರಿಳಿತ ಇದೆ, ಮೊಣಕಾಲು ಹೇಳುತ್ತದೆ, ಆದರೆ ಜೀಪಿನವರ ಹತ್ತಿರ ಚೌಕಾಶಿ ಮಾಡುವ ಕೆಲಸ ಇಲ್ಲ. ಚಿಕ್ಕಮಗಳೂರಿನಲ್ಲಿ ನೋಡುವಂಥದ್ದೆಲ್ಲ ಪೇಟೆಯಿಂದ ದೂರ, ಬೆಟ್ಟಕ್ಕೆ ಗಾಡಿ ಮಾಡಲೇಬೇಕು. ಗಾಡಿಗೆ ಆರು ಮಂದಿ ಇದ್ದರೆ ಹಂಚಿಕೊಳ್ಳಬಹುದು, ಇಬ್ಬರೇ ಹೋದರೆ ಬಸ್ಸಿನಲ್ಲಿ ಉಳಿಸಿದ ದುಡ್ಡು ಅಲ್ಲಿ ಹೋಗುತ್ತದೆ. ಇನ್ನೊಂದು ಮರೆಯಬಾರದ್ದು ದತ್ತ ಜಯಂತಿ, ಬಾಬಾಬುಡನ್‌ಗಿರಿ ಬೆಟ್ಟದ ದತ್ತಪೀಠದ ಉತ್ಸವ. ಮಾರ್ಗಶಿರದ ಹುಣ್ಣಿಮೆ ಡಿಸೆಂಬರಿನಲ್ಲೇ ಬೀಳುವುದು ಹೆಚ್ಚು, ಆ ದಿನಗಳಲ್ಲಿ ಜಿಲ್ಲಾಡಳಿತ ಬೆಟ್ಟದ ಮೇಲೆ ಪ್ರವಾಸಿಗರನ್ನು ನಿರ್ಬಂಧಿಸುತ್ತದೆ. ಕ್ಯಾಲೆಂಡರ್ ನೋಡದೆ ಹೋದ ನಮ್ಮ ಸೀನಿಯರ್‌ಗಳು ಕೆಳಗಿನ ಚೆಕ್‌ಪೋಸ್ಟಿನಿಂದಲೇ ವಾಪಸ್ ಬಂದ ಕಥೆ ಇನ್ನೂ ಕ್ಯಾಂಟೀನಿನಲ್ಲಿ ನಡೆಯುತ್ತಿದೆ.

ಸ್ವಂತ ಬೈಕೋ ಕಾರೋ ಇದ್ದರೆ ಲೆಕ್ಕ ಉಲ್ಟಾ. ಆಗ ಚಿಕ್ಕಮಗಳೂರೇ ಚಂದ.

ಮಡಿಕೇರಿ ದಾರಿಯೇ ಅರ್ಧ ರಜೆ. ಕಲ್ಲಡ್ಕದಲ್ಲಿ ಹಾಲು ಕೆಳಗೆ, ಡಿಕಾಕ್ಷನ್ ಮೇಲೆ ಕಲಸದೆ ನಿಂತ ಕೆ.ಟಿ. (ಕಲ್ಲಡ್ಕ ಟೀ), ಆಮೇಲೆ ಪುತ್ತೂರು, ಸುಳ್ಯ, ಸಂಪಾಜೆ, ಅಲ್ಲಿಂದ ಘಟ್ಟ. ಹುಡುಗಿಯರಿಗೆ ಒಂದು ಅನುಕೂಲವೂ ಇದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಸರ್ಕಾರಿ ಸಾಮಾನ್ಯ ಬಸ್ಸಿಗೆ ಅನ್ವಯ, ರಾಜಹಂಸಕ್ಕೂ ಎಸಿ ಬಸ್ಸಿಗೂ ಇಲ್ಲ, ರಾಜ್ಯದ ಗಡಿ ದಾಟುವ ಬಸ್ಸಿಗೂ ಇಲ್ಲ. ಮಂಗಳೂರು–ಉಡುಪಿ ಮಧ್ಯೆ ಓಡುವುದು ಬಹುಪಾಲು ಖಾಸಗಿ ಎಕ್ಸ್‌ಪ್ರೆಸ್. ಹಾಗಾಗಿ ವಾರ ವಾರ ಮನೆಗೆ ಹೋಗುವ ನನ್ನ ಆಧಾರ್ ಕಾರ್ಡಿಗೆ ವರ್ಷವಿಡೀ ಕೆಲಸವೇ ಇಲ್ಲ. ಮಡಿಕೇರಿಗೆ ಹೋದ ದಿನ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟಾಗ ಸಣ್ಣ ಲಾಟರಿ ಹೊಡೆದ ಹಾಗಾಯಿತು.

ಕಳೆದ ವರ್ಷ ಅಮ್ಮನನ್ನು ಒಪ್ಪಿಸಿದ್ದೂ ಒಂದು ಕಥೆ.

"ರಾತ್ರಿ ಉಳಿಯುವುದಾ? ಯಾರ ಮನೆಯಲ್ಲಿ?"

"ಹೋಮ್‌ಸ್ಟೇ ಅಮ್ಮ. ಕ್ಲಾಸಿನವಳೊಬ್ಬಳ ಅತ್ತೆಯ ಪಕ್ಕದ ಮನೆಯವರದ್ದೇ."

"ಪಕ್ಕದ ಮನೆ ಅಂತ ನೀನು ಹೇಳುವುದು. ಅತ್ತೆಯ ನಂಬರ್ ಕೊಡು."

ಕೊಟ್ಟೆ. ಇಪ್ಪತ್ತು ನಿಮಿಷ ಇಬ್ಬರೂ ಮಾತಾಡಿ, ಕೊನೆಗೆ ಮಲ್ಲಿಗೆ ಗಿಡದ ಎಲೆ ಹಳದಿಯಾಗುವುದರ ಬಗ್ಗೆ ಚರ್ಚೆಗೆ ಹೋಗಿ, ನನ್ನ ವಿಷಯ ಮರೆತೇ ಬಿಟ್ಟರು. ಅದನ್ನೇ ಒಪ್ಪಿಗೆ ಅಂತ ತಿಳಿದುಕೊಂಡು ಹೊರಟೆ.

ಆ ಹೋಮ್‌ಸ್ಟೇಯ ಆರೂವರೆ ಈಗಲೂ ಕಣ್ಣ ಮುಂದಿದೆ. ಕಾಫಿ ಕೊಯ್ಲಿನ ಸಮಯ. ಅಂಗಳದ ಕಣದಲ್ಲಿ ಹಿಂದಿನ ದಿನ ಹರಡಿದ ಹಣ್ಣಿನ ಮೇಲೆ ಟಾರ್ಪಾಲು ಹೊದಿಸಿದ್ದರು, ಅದರ ಮಡಿಕೆಗಳಲ್ಲಿ ಇಬ್ಬನಿ ನೀರಾಗಿ ನಿಂತಿತ್ತು. ಹುಳಿ ಹುಳಿ ವಾಸನೆ, ಹಣ್ಣು ಕೊಳೆತದ್ದಕ್ಕೂ ಹೆಂಡಕ್ಕೂ ಮಧ್ಯದ್ದು. ಬಚ್ಚಲೊಲೆಗೆ ಬೆಂಕಿ ಹಾಕಿದ ಹೊಗೆ ಮೇಲೆ ಹೋಗದೆ ಮಾಡಿನ ಮಟ್ಟದಲ್ಲೇ ಅಡ್ಡಕ್ಕೆ ಹರಿಯುತ್ತಿತ್ತು. ನಾನು ತಂದಿದ್ದ ತೆಂಗಿನೆಣ್ಣೆ ಬಾಟಲಿ ಕುತ್ತಿಗೆಯವರೆಗೂ ಕಲ್ಲು. ಹಂಡೆಯ ಮೇಲೆ ಐದು ನಿಮಿಷ ಇಟ್ಟು ಕರಗಿಸಬೇಕಾಯಿತು. ಎಂಟೂವರೆಗೆ ಟಾರ್ಪಾಲು ತೆಗೆದರು, ಬಿಸಿಲು ಬಿತ್ತು, ಆಟ ಮುಗಿಯಿತು. ಆದರೆ ಎರಡು ಗಂಟೆ ಪೂರ್ತಿ ಸಿಕ್ಕಿತ್ತಲ್ಲ.

ಖರ್ಚಿನ ವಿಷಯ ಒಂದೇ ಮಾತು: ಡಿಸೆಂಬರ್ 24ರಿಂದ ಜನವರಿ 1ರವರೆಗೆ ಘಟ್ಟದ ಮೇಲೆ ರೂಮು ಹುಡುಕಬೇಡಿ. ಬೆಂಗಳೂರಿನವರೆಲ್ಲ ಅಲ್ಲೇ ಇರುತ್ತಾರೆ, ಬಾಡಿಗೆ ಏರಿರುತ್ತದೆ, ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದು ಯಾರದೋ ಸೆಲ್ಫಿ ಸ್ಟಿಕ್ಕಿನ ಹಿಂದೆ. ಇಂಟರ್ನಲ್ಸ್ ಮುಗಿದ ಡಿಸೆಂಬರ್ ಮೊದಲೆರಡು ವಾರದ ಯಾವುದಾದರೂ ಶನಿವಾರ, ಇಲ್ಲವೇ ಜನವರಿ ಎರಡನೇ ವಾರ ಸಿಕ್ಕಿದರೆ ಅದೇ ಚಳಿ ಕಡಿಮೆ ದುಡ್ಡಿಗೆ ಸಿಗುತ್ತದೆ. ನಾವು ಹೋದದ್ದು ಹಾಗೆ.

ರಾತ್ರಿ ಉಳಿಯಲು ಒಪ್ಪಿಗೆ ಇಲ್ಲವಾದರೆ

ಆಗ ಮುಂಜಾನೆಯ ಆಸೆ ಬಿಟ್ಟು ಸಂಜೆಗೆ ಹೋಗಿ. ಆಗುಂಬೆ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ 55 ಕಿಲೋಮೀಟರಿನ ಆಸುಪಾಸು, 14 ಹೇರ್‌ಪಿನ್ ತಿರುವು. ಘಾಟಿ ಕಡಿದಾದ್ದರಿಂದ ಅಲ್ಲಿ ಓಡುವುದು ಮಿನಿ ಬಸ್ಸುಗಳು. ಮಳೆಗಾಲದಲ್ಲಿ ಮೋಡ ಬಿಟ್ಟರೆ ಬೇರೇನೂ ಕಾಣದ ಸೂರ್ಯಾಸ್ತದ ಜಾಗಕ್ಕೆ ಡಿಸೆಂಬರಿನಲ್ಲಿ ಅರ್ಥ ಬರುತ್ತದೆ. ಕ್ರಿಸ್ಮಸ್ ಹೊತ್ತಿಗೆ ಸೂರ್ಯ ಆರೂಕಾಲರ ಸುಮಾರಿಗೆ ಮುಳುಗುತ್ತಾನೆ, ಐದೂವರೆಗೆ ಅಲ್ಲಿರಿ. ಮುಳುಗಿದ ಹತ್ತೇ ನಿಮಿಷಕ್ಕೆ ತೋಳಿನ ರೋಮ ಎದ್ದು ನಿಲ್ಲುತ್ತದೆ. ಹೋಗುವಾಗಲೇ ಕಂಡಕ್ಟರ್ ಹತ್ತಿರ ವಾಪಸ್ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಕೇಳಿಟ್ಟುಕೊಳ್ಳಿ. ಇದನ್ನು ಕೇಳದವರು ಸೂರ್ಯಾಸ್ತಕ್ಕಿಂತ ಹೆಚ್ಚು ಕೈಗಡಿಯಾರ ನೋಡುತ್ತಾರೆ.

ಚಾರಣದವರಿಗೆ ಕುದುರೆಮುಖ, ಕುಮಾರಪರ್ವತ ಇದ್ದೇ ಇವೆ. ಎರಡಕ್ಕೂ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬೇಕು, ದಿನಕ್ಕೆ ಇಷ್ಟೇ ಮಂದಿ ಅಂತ ಮಿತಿ ಇದೆ, ವಾರಾಂತ್ಯದ ಟಿಕೆಟ್ ಬೇಗ ಖಾಲಿ. ಕುಮಾರಪರ್ವತಕ್ಕೆ ಕುಕ್ಕೆ ಕಡೆಯಿಂದ ಹತ್ತುವುದಾದರೆ ಚಂಪಾ ಷಷ್ಠಿಯ ದಿನಗಳನ್ನು ತಪ್ಪಿಸಿ, ಊರಿಗೆ ಊರೇ ತುಂಬಿರುತ್ತದೆ. ನನ್ನ ಮೊಣಕಾಲಿನ ಬಗ್ಗೆ ಆಗಲೇ ಹೇಳಿದ್ದೇನೆ, ಹಾಗಾಗಿ ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಯೋಗ್ಯತೆ ಇಲ್ಲ.

ಕಡಲ ಮಕ್ಕಳು ಇನ್ನೊಂದು ಕಡಲಿಗೆ

ಗೋಕರ್ಣ, ಕಾರವಾರ, ಗೋವಾ. ಗ್ರೂಪಿನಲ್ಲಿ ಅತಿ ಹೆಚ್ಚು ವೋಟು ಬೀಳುವುದು ಇದಕ್ಕೇ, ನನ್ನ ವೋಟು ಯಾವತ್ತೂ ಇಲ್ಲ. ಪಣಂಬೂರಿನಲ್ಲಿ ಸಂಜೆ ಚುರುಮುರಿ ತಿನ್ನುವವಳು ಏಳು ಗಂಟೆ ಹೊತ್ತು ರೈಲಿನಲ್ಲಿ ಕೂತು ಹೋಗಿ ಅದೇ ಅರಬ್ಬೀ ಸಮುದ್ರವನ್ನು ಮೂರು ಪಟ್ಟು ದುಡ್ಡಿಗೆ ನೋಡುವುದು ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ. ಚಳಿಯಂತೂ ಅಲ್ಲೂ ಇಲ್ಲ.

ರೈಲಿಗಾಗಿ ಹೋಗುವುದಾದರೆ ಮಾತ್ರ ಒಪ್ಪುತ್ತೇನೆ. ಮಂಗಳೂರು ಸೆಂಟ್ರಲ್‌ನಿಂದ ಬೆಳ್ಳಂಬೆಳಿಗ್ಗೆ ಹೊರಡುವ ಮಡಗಾಂವ್ ಲೋಕಲ್ ಎಲ್ಲ ಸಣ್ಣ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ, ಮೊದಲೇ ಸೀಟು ಕಾದಿರಿಸುವ ರಗಳೆ ಇಲ್ಲ. ಆರೂವರೆಗೆ ನೀವು ಕಿಟಕಿ ಪಕ್ಕ, ಗದ್ದೆಗಳ ಮೇಲೆ ಮಂಡಿಯ ಮಟ್ಟಕ್ಕೆ ಮಂಜು. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರಿಗಿಂತ ಉದ್ದ, ಕೊಂಕಣ ರೈಲ್ವೆಯ ಅತಿ ಉದ್ದದ್ದು. ಅದರ ಮೇಲೆ ರೈಲು ನಿಧಾನವಾದಾಗ ಮಾತಾಡುತ್ತಿದ್ದವರೂ ಸುಮ್ಮನಾಗುತ್ತಾರೆ. ಉತ್ತರಕ್ಕೆ ಹೋಗುವಾಗ ಎಡಗಡೆ ಕೂತರೆ ಕಡಲು ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಹಳಿ ಬಹುಪಾಲು ಒಳಗೇ ಹೋಗುವುದರಿಂದ ಕಾಣುವುದು ಹೊಳೆ, ಗುಡ್ಡ, ಸುರಂಗ. ಕಡಲು ಬೇಕಿದ್ದರೆ ಬಸ್ಸೇ ಸರಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಅದಕ್ಕೆ ಗೋವಾದವರೆಗೆ ಹೋಗಬೇಕಿಲ್ಲ. ಎಕ್ಸ್‌ಪ್ರೆಸ್ ರೈಲಿನ ಟಿಕೆಟ್ಟೇ ಬೇಕು ಅನ್ನುವವರು ನೆನಪಿಡಿ: ಈಗ ಕಾದಿರಿಸುವ ಅವಧಿ 60 ದಿನ, ಕ್ರಿಸ್ಮಸ್‌ಗೆ ಹೋಗಬೇಕಾದರೆ ಅಕ್ಟೋಬರಿನಲ್ಲೇ ಕೂತು ಮಾಡಬೇಕು. ನವೆಂಬರ್ ಕೊನೆಗೆ ಎಚ್ಚರವಾದವರಿಗೆ ವೇಟಿಂಗ್ ಲಿಸ್ಟ್.

ಆದರೆ ಒಳನಾಡಿನಿಂದ ಬಂದ ಗೆಳೆಯರಿದ್ದರೆ ಈ ಮಾತು ಪೂರ್ತಿ ವಾಪಸ್. ಬೀದರಿನವಳನ್ನು ಮೊದಲ ವರ್ಷ ಮಲ್ಪೆಗೆ ಕರೆದುಕೊಂಡು ಹೋಗಿದ್ದೆ. ಮಳೆಗಾಲದಲ್ಲಿ ನಿಂತಿರುವ ಸೇಂಟ್ ಮೇರೀಸ್ ದ್ವೀಪದ ದೋಣಿ ಡಿಸೆಂಬರಿನಲ್ಲಿ ಓಡುತ್ತದೆ, ಕಡಲು ಶಾಂತ. ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತ ಕಲ್ಲುಗಳ ನಡುವೆ ಅವಳು ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಇಷ್ಟ್ ನೀರ್ ಇಟ್ಕೊಂಡು ನೀವ್ ಬ್ಯಾಸಿಗ್ಯಾಗ ಟ್ಯಾಂಕರ್ ಯಾಕ್ ತರಸ್ತೀರಿ?" ಉತ್ತರ ಕೊಡಲು ಆಗಲಿಲ್ಲ.

ಥಂಡಿ ಅಂದರೆ ಏನೆಂದು ನೋಡಬೇಕಾದರೆ

ನಾಲ್ಕೈದು ದಿನ ರಜೆ ಇದೆ, ಗಟ್ಟಿ ಸೊಂಟ ಇದೆ ಅಂದರೆ ಘಟ್ಟ ಬಿಟ್ಟು ಬಯಲುಸೀಮೆಗೆ ಹೋಗಿ. ಇದನ್ನು ನಮ್ಮ ಕಡೆ ಯಾರೂ ಯೋಚಿಸುವುದಿಲ್ಲ. ಚಳಿ ಅಂದರೆ ಬೆಟ್ಟ ಅಂತಲೇ ತಲೆಯಲ್ಲಿ ಕೂತಿದೆ. ವಿಜಯಪುರ, ಬೀದರ್ ಮಡಿಕೇರಿಯ ಎತ್ತರಕ್ಕೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಆದರೂ ಉತ್ತರದ ಶೀತಗಾಳಿ ಬಂದ ವಾರ ಅಲ್ಲಿ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಕಡಲು ದೂರ, ಗಾಳಿ ಒಣ, ಕಪ್ಪು ನೆಲ ರಾತ್ರಿ ಬೇಗ ತಣಿಯುತ್ತದೆ, ತಡೆಯಲು ಮರಗಿಡವೂ ಕಡಿಮೆ. ಮಧ್ಯಾಹ್ನ ಮಾತ್ರ ಅಲ್ಲೂ ಬಿಸಿಲೇ.

ಮಂಗಳೂರಿನಿಂದ ವಿಜಯಪುರಕ್ಕೆ ನೇರ ರೈಲು ಇದೆ. ಸುಬ್ರಹ್ಮಣ್ಯ ಘಾಟಿ ಹತ್ತಿ, ಹಾಸನ, ಹುಬ್ಬಳ್ಳಿ ಮೇಲೆ ಹೋಗಿ ಮರುದಿನ ಬೆಳಿಗ್ಗೆ ಮುಟ್ಟಿಸುತ್ತದೆ. ಗೋಲಗುಂಬಜ್‌ನ ಪಿಸುಮಾತಿನ ಗ್ಯಾಲರಿಗೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು, ಹತ್ತು ಗಂಟೆಯ ಮೇಲೆ ಶಾಲಾ ಮಕ್ಕಳ ಕಿರುಚಾಟ ಏಳು ಸಲ ಕೇಳಬೇಕಾಗುತ್ತದೆ. ಬೀದರಿಗೆ ಅಲ್ಲಿಂದ ಕಲಬುರಗಿ ಮೇಲೆ ಇನ್ನೊಂದು ದಿನದ ದಾರಿ. ಹುಡುಗಿಯರು ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಬದಲಿಸುತ್ತಾ ಅಲ್ಲಿಯವರೆಗೂ ಪುಕ್ಕಟೆ ಹೋಗಬಹುದು, ಯೋಜನೆ ನಾಲ್ಕೂ ಸಾರಿಗೆ ನಿಗಮಕ್ಕೂ ಇದೆ. ಶಕ್ತಿ ಟಿಕೆಟ್ಟಿಗೆ ಮಾತ್ರ, ಸೊಂಟಕ್ಕೆ ನಮ್ಮದೇ ಬೇಕು.

ಬೀದರಿನಲ್ಲಿ ನೋಡಲು ಕೋಟೆ, 1472ರ ಮಹಮೂದ್ ಗವಾನನ ಮದರಸಾ, ಬಿದ್ರಿ ಕೆಲಸದವರ ಅಂಗಡಿ ಇವೆಯಾದರೂ ರೂಮ್‌ಮೇಟ್ ಕರೆಯುವುದು ಅದಕ್ಕಲ್ಲ, ಎಳ್ಳ ಅಮಾಸಿಗೆ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬೀಳುವ ಎಳ್ಳಮಾವಾಸ್ಯೆಗೆ ಆ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ನಿಂತ ಜೋಳದ ನಡುವೆ ಪೂಜೆ ಮಾಡಿ ಚರಗ ಚೆಲ್ಲಿ (ಹೊಲಕ್ಕೆ ನೈವೇದ್ಯ ಎರಚಿ), ಅಲ್ಲೇ ಕೂತು ಸಜ್ಜೆ ರೊಟ್ಟಿ, ಹಸಿ ಕಾಳು ಸೊಪ್ಪು ಎಲ್ಲ ಹಾಕಿದ ಭಜ್ಜಿ, ಅಂಬಲಿ ಉಣ್ಣುತ್ತಾರೆ. ಅವಳು ಇದನ್ನು ಹೇಳುವುದು ಯಾವಾಗಲೂ ಮೆಸ್ಸಿನ ಸಾಂಬಾರ್ ಮುಂದೆ ಕೂತಾಗ. ಮನೆಯವರು ಕರೆದರೆ ಮಾತ್ರ ಹೋಗುವ ಪ್ರವಾಸ ಇದು, ಹೋಟೆಲ್ ರೂಮಿನಲ್ಲಿ ಇದ್ದು ಇದನ್ನು ನೋಡಲು ಆಗುವುದಿಲ್ಲ. ನಿಮಗೆ ಹಾಗೆ ಕರೆಯುವವರು ಇದ್ದರೆ ಮಡಿಕೇರಿ, ಗೋವಾ ಎಲ್ಲ ಬದಿಗಿಟ್ಟು ಹೊರಡಿ. ನನಗೆ ಎರಡು ವರ್ಷವೂ ಪರೀಕ್ಷೆ ಅಡ್ಡ ಬಂತು. ಈ ಸಲವೂ ಟೈಮ್‌ಟೇಬಲ್ ನೋಡಿದರೆ ಅದೇ ಕಥೆ.

ಎಲ್ಲಿಗೂ ಹೋಗದವರ ಚಳಿ

ಮನೆಯಲ್ಲೇ ಇರುವವರನ್ನು ಪಾಪ ಅನ್ನುವ ಅಭ್ಯಾಸ ನಮ್ಮ ಗ್ರೂಪಿಗೆ ಇದೆ. ಸರಿಯಲ್ಲ. ಕರಾವಳಿಯ ಚಳಿಗಾಲವನ್ನು ನೋಡಬೇಕಾದರೆ ರಾತ್ರಿ ನಿದ್ದೆ ಕೆಡಬೇಕು, ಹಗಲಿನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ, ಯಾರದೋ ಹರಕೆಯ ಬಯಲಾಟ ಯಾವ ಊರಲ್ಲಾದರೂ ಇದ್ದೇ ಇರುತ್ತದೆ. ಈಗ ಹಲವು ಮೇಳಗಳು ಕಾಲಮಿತಿಯಲ್ಲೇ ಮುಗಿಸುತ್ತವೆ, ಮೊದಲಿನ ಹಾಗೆ ಬೆಳಗಿನವರೆಗೆ ಕೂರುವುದು ಕಡಿಮೆ. ಆದರೂ ಹನ್ನೆರಡು ಗಂಟೆಗೆ ಗದ್ದೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ತಲೆಗೆ ಟವೆಲ್ ಹೊದ್ದುಕೊಂಡಾಗ ಬೆನ್ನಿಗೆ ಬೀಳುವ ಇಬ್ಬನಿ ಇದೆಯಲ್ಲ, ಅದು ನಮ್ಮದೇ ಚಳಿ. ಕಂಬಳವೂ ಹಾಗೆ. ಶನಿವಾರ ಶುರುವಾದರೆ ಭಾನುವಾರದವರೆಗೆ ಓಟ. ಮುಂಜಾನೆಯ ಹೊತ್ತಿಗೆ ಕರೆಯ (ಕೋಣ ಓಡುವ ಕೆಸರು ಗದ್ದೆಯ) ನೀರಿನಿಂದ ಆವಿ ಏಳುವಾಗ ಕೋಣಗಳ ಮೈಯಿಂದಲೂ ಏಳುತ್ತಿರುತ್ತದೆ. ಡಿಸೆಂಬರ್ 24ರ ರಾತ್ರಿ ಇಗರ್ಜಿಯ ಅಂಗಳ. ಜನವರಿಗೆ ರಜೆ ಎಳೆಯುವವರಿಗೆ ಉಡುಪಿಯಲ್ಲಿ ಮಕರ ಸಂಕ್ರಾಂತಿಯ ರಾತ್ರಿ ಮೂರು ತೇರು, ಎರಡು ವರ್ಷಕ್ಕೊಮ್ಮೆ ಸಮಸಂಖ್ಯೆಯ ವರ್ಷದಲ್ಲಿ ಜನವರಿ 18ರ ನಸುಕಿಗೆ ಜೋಡುಕಟ್ಟೆಯಿಂದ ಹೊರಡುವ ಪರ್ಯಾಯದ (ಕೃಷ್ಣಮಠದ ಪೂಜೆಯ ಹೊಣೆ ಕೈಬದಲಾಗುವ) ಮೆರವಣಿಗೆ. ಇಡೀ ರಾತ್ರಿ ರಥಬೀದಿಯಲ್ಲಿ ನಿಂತವರಿಗೆ ಘಟ್ಟದ ಚಳಿಯ ಹಂಗಿಲ್ಲ.

ನಮ್ಮ ಮನೆಯ ಆರೂವರೆ ಬೇರೆಯದು. ಅಂಗಳದ ಆಚೆ ಎಂಬತ್ತು ಮಲ್ಲಿಗೆ ಗಿಡ. ಚಳಿಗೆ ಮೊಗ್ಗು ಕಡಿಮೆ, ಹಾಗಾಗಿ ಕ್ರಯ ಜಾಸ್ತಿ. ಅದೇ ಕಾರಣಕ್ಕೆ ಒಂದು ಮೊಗ್ಗೂ ಬಿಡುವ ಹಾಗಿಲ್ಲ. ಬೆಳಕು ಹರಿಯುವ ಮೊದಲೇ ಅಮ್ಮ ಹಣೆಗೆ ಟಾರ್ಚ್ ಕಟ್ಟಿಕೊಂಡು ಬುಟ್ಟಿ ಹಿಡಿದು ಹೊರಟಿರುತ್ತಾರೆ. ಎಲೆಯ ಮೇಲಿನ ಇಬ್ಬನಿ ಮೊಣಕೈವರೆಗೆ ಒದ್ದೆ ಮಾಡುತ್ತದೆ, ಬೆರಳ ತುದಿ ಮರಗಟ್ಟುತ್ತದೆ, ಮೊಗ್ಗಿನ ತೊಟ್ಟು ಸಿಕ್ಕಿತೋ ಎಲೆ ಸಿಕ್ಕಿತೋ ಗೊತ್ತಾಗುವುದಿಲ್ಲ. ಎಣ್ಣೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟಿ, ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಿದ ಮೇಲೆಯೇ ನಮ್ಮ ಮನೆಯಲ್ಲಿ ತಿಂಡಿ. ಮಟ್ಟುಗುಳ್ಳ (ಮಟ್ಟು ಊರಿನ ಬದನೆ) ಬರಲು ಶುರುವಾಗಿದ್ದರೆ ಮಧ್ಯಾಹ್ನಕ್ಕೆ ಗುಳ್ಳದ ಕೊದ್ದೆಲು, ಕುಚ್ಚಲಕ್ಕಿ ಅನ್ನ. ಸಂಜೆ ನೆರೆಮನೆಯ ಬಾಯಮ್ಮ ಕುಸ್ವಾರಿನ (ಕ್ರಿಸ್ಮಸ್ ತಿಂಡಿಗಳ) ತಟ್ಟೆ ಕಳಿಸುತ್ತಾರೆ. ನೆವ್ರಿ ಮೊದಲು ಖಾಲಿ, ಆಮೇಲೆ ಕಿಡಿಯೊ, ಕೊನೆಗೆ ಉಳಿಯುವುದು ಗಟ್ಟಿ ಗುಳಿಯೊ. ಖರ್ಚು ಬಸ್ಸಿನ ಟಿಕೆಟ್ಟು ಮಾತ್ರ. ಅದೂ ಖಾಸಗಿ ಬಸ್ಸು ಅಂತ ಕೊಡುವುದು.

ಹಾಗಾದರೆ ಈ ಸಲ? ಡಿಸೆಂಬರ್ ಎರಡನೇ ಶನಿವಾರ ಮಡಿಕೇರಿ, ಒಂದು ರಾತ್ರಿ, ನಾಲ್ಕು ಮಂದಿ, ಒಬ್ಬೊಬ್ಬರಿಗೆ ಒಂದೇ ಸ್ವೆಟರ್, ಮಂಕಿ ಕ್ಯಾಪ್ ಬೇಡ. ಅತ್ತೆಯ ನಂಬರ್ ಅಮ್ಮನ ಹತ್ತಿರ ಆಗಲೇ ಉಂಟು. ಎಳ್ಳ ಅಮಾಸಿ ಪರೀಕ್ಷೆಗೆ ಬಲಿ. ಇಷ್ಟು ಸಣ್ಣ ರಜೆಗೆ ಅಷ್ಟು ದೂರ ಹೋಗಿ ಬರಲು ಆಗುವುದಿಲ್ಲ ಅಂತ ರೂಮ್‌ಮೇಟ್ ಕ್ರಿಸ್ಮಸ್‌ಗೆ ನಮ್ಮ ಮನೆಗೆ ಬರುತ್ತಿದ್ದಾಳೆ. ಫೋನಿನಲ್ಲಿ ಹೇಳಿದಾಗ ಅಮ್ಮನಿಗೆ ಬಹಳ ಖುಷಿ.

"ಕರ್ಕೊಂಡು ಬಾ. ಅವಳ ಕೈ ಸಪೂರ ಉಂಟಾ?"

"ಯಾಕೆ ಅಮ್ಮ?"

"ಸಪೂರ ಬೆರಳಿದ್ದವರು ಮೊಗ್ಗು ಬೇಗ ಕೊಯ್ಯುತ್ತಾರೆ."

ಪಕ್ಕದ ಮಂಚದಲ್ಲಿ ಅವಳು ಫ್ಯಾನನ್ನು ಮೂರಕ್ಕೆ ತಿರುಗಿಸಿ, ರಜೆಯಲ್ಲಿ ಹತ್ತು ಗಂಟೆವರೆಗೂ ಮಲಗುವುದಾಗಿ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಳು. ನಾನು ಏನೂ ಹೇಳಲಿಲ್ಲ.